ಬಿ-ಡೈ ಹೆಸರಿಗೆ ದುಡ್ಡು ಕೊಡಬೇಕೆ? ವಿಜಯಪುರದ ಬಿಸಿಲು ಮತ್ತು ರ‍್ಯಾಮ್ ಓವರ್‌ಕ್ಲಾಕಿಂಗ್

ಪ್ರಶ್ನೆ: ಸರ್, ನಾ ವಿಜಯಪುರದಾಗ ಮದುವಿ ವಿಡಿಯೋ, ಆಲ್ಬಮ್ ಕೆಲಸ ಮಾಡ್ತೀನಿ. ನನ್ನ ಸಿಸ್ಟಮ್‌ನಾಗ ರೈಝನ್ 5 5600, ನಾಕು ಸ್ಲಾಟಿನ ಬಿ450 ಬೋರ್ಡ್, 8 ಜಿಬಿದ್ದು ಎರಡು ಡಿಡಿಆರ್4 ಸ್ಟಿಕ್ ಅದಾವ. ಸ್ಟಿಕ್ ಮ್ಯಾಲೆ 3200, 16-18-18 ಅಂತ ಐತಿ. ಡಿಸೆಂಬರ್‌ನಾಗ ಗೆಳೆಯಾ ಬಯೋಸ್‌ನಾಗ ಬರೇ ಸ್ಪೀಡ್ ಅಷ್ಟ 3600ಕ್ಕ ಏರಿಸಿ ಕೊಟ್ಟ. ಮೂರು ತಿಂಗಳು ಏನೂ ತ್ರಾಸ ಇರಲಿಲ್ಲ. ಏಪ್ರಿಲ್ ಹತ್ತಿದ ಮ್ಯಾಲೆ ಮಧ್ಯಾಹ್ನ ರೆಂಡರ್ ಹಚ್ಚಿದ್ರ ನಡಬರಕ ನಿಂತು ನೀಲಿ ಸ್ಕ್ರೀನ್ ಬರಾಕತ್ತೈತಿ. ರಾತ್ರಿ ಅದ ಫೈಲ್ ಸರಳ ಹೋಗ್ತೈತಿ. ಬೆಳಗಾವಿಯಾಗ ಒಬ್ರು ತಮ್ಮ ಹಳೇ ಕಿಟ್ ಕೊಡ್ತೀನಿ ಅಂದಾರ: 8 ಜಿಬಿದ್ದು ಎರಡು, 3200 ಸಿಎಲ್ 14, ಸ್ಯಾಮ್‌ಸಂಗ್ ಬಿ-ಡೈ. "ಇದ ರಾಜಾ, ಉಳಿದ ಚಿಪ್ ಎಲ್ಲಾ ಕಸ, 1.45 ವೋಲ್ಟ್ ಕೊಟ್ರ 3800 ಓಡ್ತೈತಿ" ಅಂತಾರ. ಹೊಸಾ 16 ಜಿಬಿ ಕಿಟ್‌ನಷ್ಟ ರೊಕ್ಕ ಕೇಳ್ಯಾರ. ತೊಗೊಳ್ಳೋದು ಛಲೋನೋ? ಅಷ್ಟು ವೋಲ್ಟೇಜ್‌ಗೆ ಸುಡೂದಿಲ್ಲೇನು? ಇಲ್ಲಾ ಡಿಡಿಆರ್5ಕ್ಕ ಹೋಗಲೋ?

ಉತ್ತರ: ಮಧ್ಯಾಹ್ನ ನಿಲ್ಲುತ್ತದೆ, ರಾತ್ರಿ ಸಾಗುತ್ತದೆ ಎಂದು ಬರೆದಿದ್ದೀರಲ್ಲ, ಇಡೀ ಪ್ರಶ್ನೆಯಲ್ಲಿ ಮುಖ್ಯವಾದ ಸುಳಿವು ಅದೇ. ನಿಮ್ಮ ತೊಂದರೆ ಬಿಸಿಯದ್ದು. ಬೆಳಗಾವಿಯವರು ಕೊಡುತ್ತೇನೆ ಎನ್ನುತ್ತಿರುವುದು ಬಿಗಿಯಾಗಿ ಓಡಿಸಿದಾಗ ಬಿಸಿಗೆ ಬೇಗ ಮುನಿಸಿಕೊಳ್ಳುತ್ತದೆ ಎಂದೇ ಹೆಸರಾದ ಚಿಪ್. ಹೊಸ ಕಿಟ್‌ನ ಬೆಲೆಗೆ ಅದನ್ನು ತರಬೇಡಿ ಎಂಬುದು ನನ್ನ ಉತ್ತರ. ಬಿ-ಡೈ ಕೆಟ್ಟದ್ದೇನಲ್ಲ, ಡಿಡಿಆರ್4 ಕಾಲದಲ್ಲಿ ಓವರ್‌ಕ್ಲಾಕಿಂಗ್‌ಗೆ (ನಿಗದಿಗಿಂತ ಹೆಚ್ಚಿನ ವೇಗದಲ್ಲಿ ಓಡಿಸುವುದಕ್ಕೆ) ಅತ್ಯುತ್ತಮ ಚಿಪ್ ಅದೇ. ಆದರೆ ಅದು ಯಾವುದರಲ್ಲಿ ಉತ್ತಮ ಎಂದು ಕೇಳಿದರೆ ಬರುವ ಉತ್ತರಕ್ಕೂ ನಿಮ್ಮ ಕೆಲಸಕ್ಕೂ ತಾಳೆಯಾಗುವುದಿಲ್ಲ.

ಮೊದಲು ಹೆಸರಿನ ಗೊಂದಲ. ಸ್ಟಿಕ್ ಮೇಲೆ ಬಣ್ಣದ ಲೋಹದ ಕವಚ ಹಾಕಿ ಮಾರುವ ಬ್ರ್ಯಾಂಡ್‌ಗಳಲ್ಲಿ ಹೆಚ್ಚಿನವು ಚಿಪ್ ತಯಾರಿಸುವುದಿಲ್ಲ. ಮಾರುಕಟ್ಟೆಯ ಬಹುಪಾಲು ಚಿಪ್‌ಗಳು ಬರುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಕಂಪನಿಗಳಿಂದ. ನಾನ್ಯಾ, ಸಿಎಕ್ಸ್‌ಎಂಟಿಯಂಥವು ಅವುಗಳ ನಂತರ. ಒಂದೇ ಮಾಡೆಲ್ ನಂಬರಿನ ಸ್ಟಿಕ್‌ನಲ್ಲಿ ಈ ವರ್ಷ ಒಂದು ಕಂಪನಿಯ ಚಿಪ್, ಮುಂದಿನ ವರ್ಷ ಇನ್ನೊಂದರದ್ದು ಇರಬಹುದು. ಹಾಗಾಗಿ "ಈ ಬ್ರ್ಯಾಂಡ್ ಚೆನ್ನಾಗಿ ಓವರ್‌ಕ್ಲಾಕ್ ಆಗುತ್ತದೆ" ಎಂಬ ಮಾತಿಗೆ ಹೆಚ್ಚು ಅರ್ಥವಿಲ್ಲ. ಇನ್ನು ಡೈ ಅಂದರೆ ಚಿಪ್ಪಿನೊಳಗಿನ ಸಿಲಿಕಾನ್ ತುಂಡು. ಬಿ-ಡೈ ಎಂಬಲ್ಲಿನ "ಬಿ" ದರ್ಜೆಯ ಗುರುತಲ್ಲ. ಒಂದು ಕಂಪನಿ ಒಂದು ಸಾಮರ್ಥ್ಯದ ಚಿಪ್ಪಿನ ವಿನ್ಯಾಸವನ್ನು ಎಷ್ಟನೇ ಸಲ ತಿದ್ದಿತು ಎಂಬುದಷ್ಟೇ ಆ ಅಕ್ಷರ. ಸ್ಯಾಮ್‌ಸಂಗ್‌ನಲ್ಲಿ ಮೊದಲು ಎಂ, ಆಮೇಲೆ ಎ, ಬಿ, ಸಿ, ಡಿ. ಜನ ಹಾಡಿ ಹೊಗಳುವುದು ಸ್ಯಾಮ್‌ಸಂಗ್‌ನ 8 ಗಿಗಾಬಿಟ್ ಡಿಡಿಆರ್4 ಬಿ-ಡೈಯನ್ನು ಮಾತ್ರ. ಅದೇ ಕಂಪನಿಯ ಡಿಡಿಆರ್5 ಬಿ-ಡೈಗೂ ಇದಕ್ಕೂ ಸಂಬಂಧವಿಲ್ಲ. ಹೆಸರು ನೋಡಿ ಮೋಸ ಹೋದವರು ಬೇಕಾದಷ್ಟು ಜನ ಇದ್ದಾರೆ.

ನಿಮ್ಮ ಗೆಳೆಯರು ಬಿಟ್ಟುಬಿಟ್ಟ ಲೆಕ್ಕ

16-18-18 ಥರದ ಟೈಮಿಂಗ್ ಸಂಖ್ಯೆಗಳು ಗಡಿಯಾರದ ಮಿಡಿತಗಳ ಎಣಿಕೆ, ಕಾಲವಲ್ಲ. ನಿಜವಾದ ಕಾಲ ಬೇಕಾದರೆ ಟೈಮಿಂಗನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿ, ನ್ಯಾನೋಸೆಕೆಂಡ್ ಸಿಗುತ್ತದೆ. ಮೊದಲ ಸಂಖ್ಯೆ ಸಿಎಲ್, ಓದಲು ಕೇಳಿದ ಮೇಲೆ ಡೇಟಾ ಬರಲು ಬೇಕಾದ ಕಾಲ. 3200ರಲ್ಲಿ ಸಿಎಲ್ 16 ಅಂದರೆ 10 ನ್ಯಾನೋಸೆಕೆಂಡ್. 3600ರಲ್ಲಿ ಸಿಎಲ್ 18 ಅಂದರೂ 10. ಬೆಳಗಾವಿಯವರ 3200 ಸಿಎಲ್ 14 ಅಂದರೆ 8.75.

ನಿಮ್ಮ ಸ್ಟಿಕ್‌ನ 16-18-18ರಲ್ಲಿ ಎರಡನೆಯ ಸಂಖ್ಯೆ ಟಿಆರ್‌ಸಿಡಿ. ಚಿಪ್‌ನೊಳಗೆ ಒಂದು ಸಾಲನ್ನು ತೆರೆದು ಅದರಿಂದ ಓದಲು ಸಿದ್ಧವಾಗಲು ಬೇಕಾದ ಕಾಲ ಅದು. 3200ರಲ್ಲಿ 18 ಅಂದರೆ 11.25 ನ್ಯಾನೋಸೆಕೆಂಡ್. ಗೆಳೆಯರು ವೇಗವನ್ನಷ್ಟೇ 3600 ಮಾಡಿ 16-18-18ನ್ನು ಹಾಗೇ ಬಿಟ್ಟಿದ್ದರೆ ಅದು 10ಕ್ಕೆ ಇಳಿದಿದೆ. ಟಿಆರ್‌ಎಫ್‌ಸಿ ಎಂಬ ಇನ್ನೊಂದು ಟೈಮಿಂಗ್ 8 ಗಿಗಾಬಿಟ್ ಡಿಡಿಆರ್4 ಚಿಪ್ಪಿಗೆ ನಿಯಮದ ಪ್ರಕಾರ 350 ನ್ಯಾನೋಸೆಕೆಂಡ್, ಅಂದರೆ 3200ರಲ್ಲಿ 560 ಮಿಡಿತ. ಅದೂ 560ರಲ್ಲೇ ಉಳಿದಿದ್ದರೆ 3600ರಲ್ಲಿ 311 ನ್ಯಾನೋಸೆಕೆಂಡ್ ಆಯಿತು. ಬರೇ ವೇಗ ಏರಿಸಿದ್ದು ಎಂದು ನೀವು ತಿಳಿದಿದ್ದೀರಿ, ಆದರೆ ಅದರ ಜೊತೆಗೇ ಎಲ್ಲ ಟೈಮಿಂಗ್‌ಗಳೂ ಗೊತ್ತಿಲ್ಲದಂತೆ ಶೇಕಡಾ 11ರಷ್ಟು ಬಿಗಿಯಾಗಿವೆ. ಡಿಸೆಂಬರ್‌ನ ಚಳಿಯಲ್ಲಿ ಚಿಪ್‌ಗೆ ಅಷ್ಟು ಜಾಗ ಉಳಿದಿತ್ತು, ಏಪ್ರಿಲ್‌ನಲ್ಲಿ ಉಳಿಯಲಿಲ್ಲ.

ಬಿಸಿಗೂ ಇದಕ್ಕೂ ಏನು ಸಂಬಂಧ? ರ‍್ಯಾಮ್‌ನ ಪ್ರತಿ ಬಿಟ್ ಒಂದು ಪುಟ್ಟ ಕೆಪಾಸಿಟರ್‌ನಲ್ಲಿ ವಿದ್ಯುದಾವೇಶವಾಗಿ ನಿಂತಿರುತ್ತದೆ, ಮತ್ತು ಅದು ತೂತು ಬಿದ್ದ ಕೊಡದಂತೆ ಸದಾ ಸೋರುತ್ತಿರುತ್ತದೆ. ಬಿಸಿ ಏರಿದಷ್ಟೂ ಸೋರಿಕೆ ಜಾಸ್ತಿ. ಅದಕ್ಕೇ ಡಿಡಿಆರ್4 ಚಿಪ್ ಸರಾಸರಿ ಪ್ರತಿ 7.8 ಮೈಕ್ರೋಸೆಕೆಂಡಿಗೊಮ್ಮೆ ಓದು-ಬರಹ ನಿಲ್ಲಿಸಿ ಒಂದಿಷ್ಟು ಸಾಲುಗಳಿಗೆ ಮತ್ತೆ ಆವೇಶ ತುಂಬಿಕೊಳ್ಳುತ್ತದೆ. ಚಿಪ್ 85 ಡಿಗ್ರಿ ದಾಟಿದರೆ ಈ ಅವಧಿಯನ್ನು ಅರ್ಧಕ್ಕೆ ಇಳಿಸಬೇಕು ಎಂಬ ನಿಯಮವೇ ಇದೆ. ಹೀಗೆ ತುಂಬಿಕೊಳ್ಳಲು ಪ್ರತಿ ಸಲ ತಗಲುವ ಕಾಲವೇ ಟಿಆರ್‌ಎಫ್‌ಸಿ. 350 ನ್ಯಾನೋಸೆಕೆಂಡ್ ಇಟ್ಟರೆ ಒಟ್ಟು ಸಮಯದ ಸುಮಾರು ಶೇಕಡಾ 4.5 ಇದಕ್ಕೇ ಹೋಗುತ್ತದೆ. 160ಕ್ಕೆ ಇಳಿಸಿದರೆ ಶೇಕಡಾ 2. ಈ ಸಂಖ್ಯೆ ಇಳಿಸಿದರೆ ಸಿಗುವ ಲಾಭ ಕಣ್ಣಿಗೆ ಕಾಣುವಂಥದ್ದು, ಆದರೆ ಕಾಲ ಸಾಲದೆ ಆವೇಶ ಪೂರ್ತಿ ತುಂಬದಿದ್ದರೆ ಬಿಸಿ ಏರಿದಾಗ ಮೊದಲು ತಪ್ಪುವ ಬಿಟ್‌ಗಳೂ ಅವೇ.

ಯಾವ ಚಿಪ್ ಎಲ್ಲಿ ಬಾಗುತ್ತದೆ

ಚಿಪ್‌ಗಳನ್ನು ಹೋಲಿಸುವಾಗ "ಎಷ್ಟು ಮೆಗಾಹರ್ಟ್ಸ್‌ವರೆಗೆ ಹೋಗುತ್ತದೆ" ಎಂದು ಕೇಳಿದರೆ ಸಾಲದು. ಸಿಎಲ್, ಟಿಆರ್‌ಸಿಡಿ, ಟಿಆರ್‌ಎಫ್‌ಸಿ ಈ ಮೂರರಲ್ಲಿ ಯಾವುದು ಇಳಿಯುತ್ತದೆ, ವೋಲ್ಟೇಜ್ ಕೊಟ್ಟರೆ ಯಾವುದು ಸ್ಪಂದಿಸುತ್ತದೆ ಎಂದು ನೋಡಬೇಕು.

ಸ್ಯಾಮ್‌ಸಂಗ್ 8 ಗಿಗಾಬಿಟ್ ಬಿ-ಡೈಯ ಹೆಚ್ಚುಗಾರಿಕೆ ಏನೆಂದರೆ ವೋಲ್ಟೇಜ್ ಏರಿಸಿದಂತೆ ಈ ಮೂರೂ ಇಳಿಯುತ್ತವೆ. 3200ರಲ್ಲಿ 14-14-14 ಎಂಬ ಸಮ ಸಂಖ್ಯೆಗಳು ಅದರ ಮುದ್ರೆ ಇದ್ದ ಹಾಗೆ. 3600ರಲ್ಲಿ 14-15-15, ಟಿಆರ್‌ಎಫ್‌ಸಿ 160 ನ್ಯಾನೋಸೆಕೆಂಡ್ ಆಸುಪಾಸು (ಅಂದರೆ 288 ಮಿಡಿತ) ಒಳ್ಳೆಯ ಸ್ಟಿಕ್‌ಗೆ ಸಾಧ್ಯ. ಆದರೆ ಹಾಗೆ ಬಿಗಿ ಮಾಡಿದ ಬಿ-ಡೈ 45-50 ಡಿಗ್ರಿ ದಾಟುತ್ತಿದ್ದಂತೆ ತಪ್ಪು ಕೊಡಲು ಶುರು ಮಾಡುವುದು ಸಾಮಾನ್ಯ. ತಣ್ಣನೆಯ ಊರಿನಲ್ಲಿ, ಫ್ಯಾನಿನ ಮುಂದೆ, ತೆರೆದ ಬೆಂಚಿನ ಮೇಲೆ ತೆಗೆದ ಸ್ಕ್ರೀನ್‌ಶಾಟ್‌ಗಳನ್ನು ನೋಡಿ ನಮ್ಮ ಕಡೆಯ ಮುಚ್ಚಿದ ಕ್ಯಾಬಿನೆಟ್‌ನಲ್ಲಿ ಅದೇ ಸಂಖ್ಯೆ ಹಾಕಿದರೆ ಮೇ ತಿಂಗಳು ದಾಟುವುದಿಲ್ಲ. ಬಿಸಿಗೆ ಹೆದರಿ ಟಿಆರ್‌ಎಫ್‌ಸಿ ಸಡಿಲ ಮಾಡಿದರೋ, ಬಿ-ಡೈಗೆ ಹೆಚ್ಚು ದುಡ್ಡು ಕೊಟ್ಟ ಕಾರಣದಲ್ಲಿ ದೊಡ್ಡ ಪಾಲು ಅಲ್ಲೇ ಹೋಯಿತು.

ಮೈಕ್ರಾನ್‌ನ 8 ಗಿಗಾಬಿಟ್ ಇ-ಡೈ ನನಗೆ ಹೆಚ್ಚು ಮೆಚ್ಚುಗೆಯಾಗುವ ಚಿಪ್, ಅದರಲ್ಲೂ ಈ ಭಾಗದ ಹವೆಗೆ. ವೇಗ ಧಾರಾಳವಾಗಿ ಏರುತ್ತದೆ, ವೋಲ್ಟೇಜ್ ಕೊಟ್ಟರೆ ಸಿಎಲ್ ಇಳಿಯುತ್ತದೆ. ಟಿಆರ್‌ಸಿಡಿ ಮಾತ್ರ ಹಟಮಾರಿ. ಎಷ್ಟು ವೋಲ್ಟ್ ಕೊಟ್ಟರೂ 3600ರಲ್ಲಿ 19ರ ಆಸುಪಾಸಿಗೇ ನಿಲ್ಲುತ್ತದೆ. ಟಿಆರ್‌ಎಫ್‌ಸಿ 300 ನ್ಯಾನೋಸೆಕೆಂಡ್ ಹತ್ತಿರ, ಅಂದರೆ 3600ರಲ್ಲಿ 540. ಕ್ರೂಶಿಯಲ್ ಬ್ಯಾಲಿಸ್ಟಿಕ್ಸ್ ಸ್ಟಿಕ್‌ಗಳಲ್ಲಿ ಇದು ಸಿಗುತ್ತಿತ್ತು. ಆ ಸರಣಿ 2022ರಲ್ಲಿ ನಿಂತಿತು. ಕ್ರೂಶಿಯಲ್ ಹೆಸರಿನ ಗ್ರಾಹಕ ವ್ಯಾಪಾರವನ್ನೇ ಬಿಡುವುದಾಗಿ ಮೈಕ್ರಾನ್ 2025ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಹಾಗಾಗಿ ಇನ್ನು ಇದು ಹಳೇ ಮಾಲಿನ ಬಜಾರದಲ್ಲೇ ಹುಡುಕಬೇಕಾದ ವಸ್ತು.

ಹೈನಿಕ್ಸ್ ಸಿಜೆಆರ್ ಕೂಡ ಇದೇ ಗುಣದ್ದು. 3600ರಲ್ಲಿ ಸಿಎಲ್ 16 ಆಗುತ್ತದೆ, ಟಿಆರ್‌ಸಿಡಿ 19-20, ಟಿಆರ್‌ಎಫ್‌ಸಿ 260-280 ನ್ಯಾನೋಸೆಕೆಂಡ್. ಆಮೇಲೆ ಬಂದ ಡಿಜೆಆರ್ ಅದಕ್ಕಿಂತ ಹೆಚ್ಚಿನ ವೇಗಕ್ಕೆ ಏರುತ್ತದೆ. ಸ್ಯಾಮ್‌ಸಂಗ್ ಸಿ-ಡೈ ಒಂದು ವಿಚಿತ್ರ. ಅದಕ್ಕೆ 1.35ಕ್ಕಿಂತ ಮೇಲೆ ಕೊಟ್ಟರೆ ಎಷ್ಟೋ ಸಲ ಸುಧಾರಿಸುವ ಬದಲು ಹದಗೆಡುತ್ತದೆ. ಬಿ-ಡೈ ಎಂದುಕೊಂಡು ಸಿ-ಡೈಗೆ 1.45 ಕೊಟ್ಟು "ನನ್ನ ಬೋರ್ಡೇ ಸರಿಯಿಲ್ಲ" ಎಂದು ಬರೆಯುವವರು ಆಗಾಗ ಸಿಗುತ್ತಾರೆ.

ನಿಮ್ಮ ಸ್ಟಿಕ್‌ನಲ್ಲಿ ಯಾವುದಿದೆ? 3200 16-18-18 ಎಂಬ ಸಂಖ್ಯೆಯಿಂದ ಏನೂ ತಿಳಿಯದು. ಮೇಲೆ ಹೇಳಿದ ಎಲ್ಲ ಚಿಪ್‌ಗಳೂ ಆ ಪರೀಕ್ಷೆ ಪಾಸಾಗುತ್ತವೆ. ಲೇಬಲ್ ನೋಡಿ. ಕೋರ್ಸೇರ್ ಆದರೆ "ವರ್ಶನ್" ಸಂಖ್ಯೆಯ ಮೊದಲ ಅಂಕಿ 3 ಇದ್ದರೆ ಮೈಕ್ರಾನ್, 4 ಸ್ಯಾಮ್‌ಸಂಗ್, 5 ಹೈನಿಕ್ಸ್. 4.31 ಅಂದರೆ ಬಿ-ಡೈ. ಜಿ.ಸ್ಕಿಲ್ ಆದರೆ 042ರಿಂದ ಶುರುವಾಗುವ ಉದ್ದನೆಯ ಸಂಕೇತದ ಕೊನೆಯಲ್ಲಿ 10ಬಿ ಇದ್ದರೆ ಸ್ಯಾಮ್‌ಸಂಗ್ ಬಿ-ಡೈ. ಕವಚವಿಲ್ಲದ ಸ್ಟಿಕ್ ಆದರೆ ಚಿಪ್ ಮೇಲಿನ ಬರಹವನ್ನೇ ಓದಬಹುದು: ಹೈನಿಕ್ಸ್‌ನ ಸಂಕೇತದಲ್ಲಿ ಸಿಜೆಆರ್, ಡಿಜೆಆರ್ ಅಕ್ಷರಗಳೇ ಕಾಣುತ್ತವೆ. ಕವಚ ಇದ್ದರೆ ಕಿತ್ತು ನೋಡಲು ಹೋಗಬೇಡಿ. ಅಂಟಿನ ಜೊತೆ ಚಿಪ್ ಕೂಡ ಎದ್ದು ಬರಬಹುದು, ಬಂದರೆ ಅಲ್ಲಿಗೆ ಸ್ಟಿಕ್‌ನ ಕಥೆ ಮುಗಿಯಿತು.

ಸಿಪಿಯು-ಝಡ್‌ನಂಥ ತಂತ್ರಾಂಶ ಚಿಪ್ ತಯಾರಕರ ಹೆಸರು ಹೇಳುತ್ತದೆ, ಡೈ ಹೇಳುವುದಿಲ್ಲ. ಥೈಫೂನ್ ಬರ್ನರ್ ಡೈ ಹೇಳುತ್ತದಾದರೂ ಸ್ಟಿಕ್‌ನಲ್ಲಿ ಬರೆದ ಮಾಹಿತಿಯಿಂದ ಹಲವು ಬಾರಿ ಊಹಿಸುತ್ತದೆ, ಊಹೆ ತಪ್ಪುವುದೂ ಉಂಟು. ಅದನ್ನೇ ಸಾಕ್ಷಿ ಎಂದು ಯಾರಾದರೂ ತೋರಿಸಿದರೆ ಒಪ್ಪಬೇಡಿ. ನಡತೆ ನೋಡಿ ಗುರುತಿಸುವುದು ಅದಕ್ಕಿಂತ ಭದ್ರ. 3200ರಲ್ಲಿ 14-14-14, 1.40 ವೋಲ್ಟ್, ಟಿಆರ್‌ಎಫ್‌ಸಿ 288 (180 ನ್ಯಾನೋಸೆಕೆಂಡ್) ಇಟ್ಟು ಶುರುವಾಗಿ ಪರೀಕ್ಷೆಯೂ ಪಾಸಾದರೆ ಅದು ಬಿ-ಡೈಯೇ. ಉಳಿದವು ಟಿಆರ್‌ಸಿಡಿಯಲ್ಲೋ ಟಿಆರ್‌ಎಫ್‌ಸಿಯಲ್ಲೋ ಸಿಕ್ಕಿಬೀಳುತ್ತವೆ.

ಈಗಿರುವ ಸ್ಟಿಕ್‌ಗಳಿಗೆ ಏನು ಮಾಡಬೇಕು

ಮೊದಲು ಇವತ್ತೇ ಎಕ್ಸ್‌ಎಂಪಿ (ತಯಾರಕರೇ ಸ್ಟಿಕ್‌ನಲ್ಲಿ ಬರೆದಿಟ್ಟ ಸೆಟ್ಟಿಂಗ್) 3200ಕ್ಕೆ ಹಿಂತಿರುಗಿ. ಎರಡು ಮೂರು ಮಧ್ಯಾಹ್ನ ಅದೇ ರೆಂಡರ್ ಓಡಿಸಿ. ಆಗಲೂ ನೀಲಿ ಪರದೆ ಬಂದರೆ ತಪ್ಪು ರ‍್ಯಾಮ್ ಓವರ್‌ಕ್ಲಾಕ್‌ನದ್ದಲ್ಲ. ಎಸ್‌ಎಂಪಿಎಸ್, ಗ್ರಾಫಿಕ್ಸ್ ಕಾರ್ಡ್, ಮಧ್ಯಾಹ್ನದ ವೋಲ್ಟೇಜ್ ಇಳಿತ ಇವುಗಳ ಕಡೆ ನೋಡಬೇಕು. ಕಸ್ಟಮರ್‌ಗಳ ಮದುವೆಯ ಫೈಲ್ ಅದೇ ಯಂತ್ರದಲ್ಲಿರುವುದರಿಂದ ಇದರಲ್ಲಿ ತಡ ಮಾಡಬೇಡಿ. ನೀಲಿ ಪರದೆಯಾದರೂ ಕಣ್ಣಿಗೆ ಕಾಣುತ್ತದೆ. ತಪ್ಪಿದ ಒಂದು ಬಿಟ್ ಸದ್ದಿಲ್ಲದೆ ಡಿಸ್ಕಿಗೆ ಬರೆದುಕೊಂಡರೆ ತಿಂಗಳ ನಂತರ ಫೈಲ್ ತೆರೆಯದಿದ್ದಾಗ ಮಾತ್ರ ಗೊತ್ತಾಗುವುದು. ಕಳೆದ ಕೆಲವು ವಾರಗಳಲ್ಲಿ ಕಾಪಿ ಮಾಡಿದ ಫೂಟೇಜ್ ಇದ್ದರೆ ಮೂಲ ಮೆಮೊರಿ ಕಾರ್ಡ್‌ಗಳನ್ನು ಸದ್ಯಕ್ಕೆ ಫಾರ್ಮ್ಯಾಟ್ ಮಾಡಬೇಡಿ.

3200 ಗಟ್ಟಿ ನಿಂತರೆ 3600ಕ್ಕೆ ಮತ್ತೆ ಪ್ರಯತ್ನಿಸಬಹುದು, ಈ ಸಲ ಲೆಕ್ಕ ಹಾಕಿ. ಸ್ಟಿಕ್‌ಗಳು ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ನಲ್ಲಿವೆಯೇ ನೋಡಿ. ಒಂದು-ಮೂರರಲ್ಲಿದ್ದರೆ 3600 ಕಷ್ಟ. ಬಯೋಸ್‌ನ ಈಗಿನ ಸೆಟ್ಟಿಂಗ್‌ಗಳ ಫೋಟೋ ತೆಗೆದಿಡಿ. ಯಂತ್ರ ಶುರುವೇ ಆಗದಿದ್ದರೆ ಸಿಮಾಸ್ ಕ್ಲಿಯರ್ ಮಾಡುವ (ಬಯೋಸ್ ಸೆಟ್ಟಿಂಗ್ ಅಳಿಸುವ) ಪಿನ್ ಎಲ್ಲಿದೆ ಎಂದು ಬೋರ್ಡ್‌ನ ಪುಸ್ತಕದಲ್ಲಿ ಮೊದಲೇ ಗುರುತಿಸಿಕೊಳ್ಳಿ.

ಆಮೇಲೆ ಹೀಗೆ ಹಾಕಿ: ಮೆಮೊರಿ 3600, ಎಫ್‌ಸಿಎಲ್‌ಕೆ 1800, ಟೈಮಿಂಗ್ 18-20-20-40, ಟಿಆರ್‌ಎಫ್‌ಸಿ 630 (350 ನ್ಯಾನೋಸೆಕೆಂಡಿಗೆ 1.8 ಗುಣಿಸಿದ್ದು), ಗೇರ್ ಡೌನ್ ಮೋಡ್ ಆನ್, ಎಸ್‌ಒಸಿ ವೋಲ್ಟೇಜ್ (ಪ್ರೊಸೆಸರ್‌ಗೆ ಹೋಗುವುದು) 1.10, ಡಿರ‍್ಯಾಮ್ ವೋಲ್ಟೇಜ್ 1.38. ಚಿಪ್ ಸ್ಯಾಮ್‌ಸಂಗ್ ಸಿ-ಡೈ ಎಂಬ ಅನುಮಾನ ಇದ್ದರೆ 1.35ರಲ್ಲೇ ಇರಲಿ. ಎಫ್‌ಸಿಎಲ್‌ಕೆ ಎನ್ನುವುದು ಪ್ರೊಸೆಸರ್‌ನ ಒಳಗಿನ ಜೋಡಣೆಯ ವೇಗ. ಅದು ಮೆಮೊರಿ ವೇಗದ ಸರಿಯಾಗಿ ಅರ್ಧ ಇದ್ದಾಗಲೇ ರೈಝನ್ 5000ಕ್ಕೆ ಲಾಭ. ಹೆಚ್ಚಿನ 5600ಗಳು 1800ನ್ನು ಸುಲಭವಾಗಿ ತಡೆಯುತ್ತವೆ, 1900 ಕೆಲವಕ್ಕೆ ಮಾತ್ರ. ಬೆಳಗಾವಿಯವರು ಹೇಳಿದ 3800 ಓಡುವುದು ಬಿಡುವುದು ಅವರ ಚಿಪ್ ಎಷ್ಟು ಒಳ್ಳೆಯದು ಎಂಬುದರ ಮೇಲೆ ಮಾತ್ರ ನಿಂತಿಲ್ಲ, ನಿಮ್ಮ ಪ್ರೊಸೆಸರ್ ಮೇಲೂ ನಿಂತಿದೆ. ಇದನ್ನು ಮಾರುವವರು ಯಾರೂ ಹೇಳುವುದಿಲ್ಲ.

ಪರೀಕ್ಷೆಗೆ ಟೆಸ್ಟ್‌ಮೆಮ್5 ತಂತ್ರಾಂಶವನ್ನು ಆಂಟಾ777 ಎಕ್ಸ್‌ಟ್ರೀಮ್ ಸೆಟ್ಟಿಂಗ್‌ನೊಂದಿಗೆ ಮೂರು ಸುತ್ತು ಓಡಿಸಿ. ಒಂದೇ ಒಂದು ತಪ್ಪು ಬಂದರೂ ಫೇಲ್. "ಒಂದೇ ತಾನೇ" ಎನ್ನುವಂತಿಲ್ಲ. ಪರೀಕ್ಷೆಯ ಹೊತ್ತು ಮುಖ್ಯ. ರಾತ್ರಿ ಹತ್ತಕ್ಕೆ ಪಾಸಾದದ್ದಕ್ಕೆ ಬೆಲೆಯಿಲ್ಲ. ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ, ಕ್ಯಾಬಿನೆಟ್ ಮುಚ್ಚಿ, ಅದಕ್ಕೂ ಮೊದಲು ಅರ್ಧ ಗಂಟೆ ಗ್ರಾಫಿಕ್ಸ್ ಕಾರ್ಡ್‌ಗೆ ಕೆಲಸ ಕೊಟ್ಟು ಒಳಗಿನ ಗಾಳಿ ಕಾಯಿಸಿಕೊಂಡು ಮಾಡಿ. ರೆಂಡರ್ ಆಗುವಾಗ ಸ್ಟಿಕ್‌ಗಳಿಗೆ ಬಡಿಯುವುದು ಗ್ರಾಫಿಕ್ಸ್ ಕಾರ್ಡ್‌ನ ಬಿಸಿ ಗಾಳಿ. ಬರೇ ರ‍್ಯಾಮ್ ಪರೀಕ್ಷೆಯಲ್ಲಿ ಅಷ್ಟು ಬಿಸಿ ಹುಟ್ಟುವುದೇ ಇಲ್ಲ.

ತಪ್ಪು ಬರುವ ರೀತಿಯಿಂದ ಕಾರಣ ಹಿಡಿಯಬಹುದು. ಪರೀಕ್ಷೆ ಶುರುವಾದ ಕೂಡಲೇ ಸಾಲು ಸಾಲು ತಪ್ಪು ಬಂದರೆ ಹೆಚ್ಚಾಗಿ ವೋಲ್ಟೇಜ್ ಸಾಲದು ಅಥವಾ ಟಿಆರ್‌ಸಿಡಿ ತೀರಾ ಬಿಗಿ. ಅರ್ಧ ಗಂಟೆ ಸುಮ್ಮನಿದ್ದು ಆಮೇಲೆ ಒಂದೆರಡು ಬಂದರೆ ಬಿಸಿ ಮತ್ತು ಟಿಆರ್‌ಎಫ್‌ಸಿ. ಮೆಮೊರಿ ಪರೀಕ್ಷೆ ಚೊಕ್ಕವಾಗಿ ಪಾಸಾಗಿ ಯಂತ್ರ ಮಾತ್ರ ತಾನಾಗಿ ರೀಸ್ಟಾರ್ಟ್ ಆಗುತ್ತಿದ್ದರೆ ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ ವೀಯಾ-ಲಾಗರ್ (WHEA-Logger) ಎಂಬ ಸಾಲುಗಳಿವೆಯೇ ನೋಡಿ. ಇದ್ದರೆ ಸಂಶಯ ಎಫ್‌ಸಿಎಲ್‌ಕೆ ಮೇಲೆ. ಖಚಿತ ಮಾಡಿಕೊಳ್ಳಲು ಮೆಮೊರಿಯನ್ನು 3200ಕ್ಕೆ ಇಳಿಸಿ ಎಫ್‌ಸಿಎಲ್‌ಕೆ ಮಾತ್ರ 1800ರಲ್ಲಿ ಬಿಡಿ. ಆಗಲೂ ಬಿದ್ದರೆ ರ‍್ಯಾಮ್ ಬದಲಿಸಿ ಏನೂ ಪ್ರಯೋಜನವಿಲ್ಲ.

ಮೇಲಿನದು ಗಟ್ಟಿಯಾದ ಮೇಲೆ ಒಂದೊಂದೇ ಬಿಗಿ ಮಾಡುತ್ತ ಹೋಗಿ, ಪ್ರತಿ ಸಲ ಪರೀಕ್ಷೆ. ಸಿಎಲ್ 18ರಿಂದ ನೇರ 16 (ಗೇರ್ ಡೌನ್ ಆನ್ ಇದ್ದಾಗ ಬೆಸ ಸಂಖ್ಯೆ ಹಾಕಿದರೆ ಬೋರ್ಡ್ ಅದನ್ನು ಸಮಕ್ಕೆ ಏರಿಸುತ್ತದೆ, 17 ಹಾಕಿ ಉಪಯೋಗವಿಲ್ಲ). ಆಮೇಲೆ ಟಿಆರ್‌ಆರ್‌ಡಿ-ಎಸ್ 4, ಟಿಆರ್‌ಆರ್‌ಡಿ-ಎಲ್ 6, ಟಿಎಫ್‌ಎಡಬ್ಲ್ಯು 16. ಸಾಲುಗಳನ್ನು ಒಂದರ ಹಿಂದೊಂದು ತೆರೆಯುವ ನಡುವಿನ ಅಂತರ ಹೇಳುವ ಈ ಮೂರರ ಬಗ್ಗೆ ಯಾರೂ ಮಾತಾಡುವುದಿಲ್ಲ, ಬೋರ್ಡ್‌ಗಳು ಇವನ್ನು ತೀರಾ ಸಡಿಲ ಇಡುತ್ತವೆ. ಯಾವ ಚಿಪ್ ಇದ್ದರೂ ಸಾಧಾರಣವಾಗಿ ಆಗುವ ಬದಲಾವಣೆ ಇದು, ಸಿಎಲ್ ಒಂದಂಕಿ ಇಳಿಸುವುದಕ್ಕಿಂತ ಹೆಚ್ಚು ಫಲ ಕೊಡುವುದೂ ಉಂಟು. ಕೊನೆಗೆ ಟಿಆರ್‌ಎಫ್‌ಸಿಯನ್ನು 630ರಿಂದ 580, 540 ಹೀಗೆ ಇಳಿಸಿ. ಎಲ್ಲಿ ತಪ್ಪು ಶುರುವಾಯಿತೋ ಅಲ್ಲಿಂದ ಶೇಕಡಾ 10 ಮೇಲಕ್ಕೆ ಬಂದು ನಿಲ್ಲಿ. ಬಯೋಸ್‌ನಲ್ಲಿ ಎರಡು ಪ್ರೊಫೈಲ್ ಉಳಿಸಿಕೊಳ್ಳುವುದು ಇನ್ನೂ ಒಳ್ಳೆಯದು: ಮಾರ್ಚ್‌ನಿಂದ ಜೂನ್‌ವರೆಗೆ ಒಂದು, ಉಳಿದ ತಿಂಗಳಿಗೆ ಇನ್ನೊಂದು.

ತಂಪಿನ ವಿಷಯ. ಅಗ್ಗದ ಡಿಡಿಆರ್4 ಸ್ಟಿಕ್ ಹಲವಕ್ಕೆ ತಾಪಮಾಪಕವೇ ಇರುವುದಿಲ್ಲ. ಇದ್ದರೆ ಎಚ್‌ಡಬ್ಲ್ಯುಇನ್‌ಫೋ ತಂತ್ರಾಂಶ ತೋರಿಸುತ್ತದೆ. ಏನೇ ಇರಲಿ, ಒಂದು 120 ಎಂಎಂ ಫ್ಯಾನನ್ನು ಕೇಬಲ್ ಟೈನಲ್ಲಿ ಕಟ್ಟಿ ನೇರ ಸ್ಟಿಕ್‌ಗಳ ಮೇಲೆ ಬೀಸುವಂತೆ ಇಟ್ಟರೆ ಆಗುವ ಲಾಭ ದುಬಾರಿ ಚಿಪ್‌ನಿಂದ ಆಗುವುದಕ್ಕಿಂತ ಹೆಚ್ಚು. ಮುಂದಿನ ಜಾಲರಿಯ ಧೂಳನ್ನು ಬೇಸಿಗೆಯಲ್ಲಿ ವಾರಕ್ಕೊಮ್ಮೆ ತೆಗೆಯಿರಿ. ಕೋಣೆಗೆ ನೀರಿನ ಕೂಲರ್ ಬಳಸುವವರು ಅದರ ಗಾಳಿಯನ್ನು ಕ್ಯಾಬಿನೆಟ್ ಕಡೆ ತಿರುಗಿಸಬೇಡಿ. ತಂಪು ಸಿಗುತ್ತದೆ ನಿಜ, ತೇವವೂ ಸಿಗುತ್ತದೆ. ಬೋರ್‌ವೆಲ್‌ನ ಗಡಸು ನೀರಾದರೆ ಹಾರಿ ಬರುವ ಹನಿಗಳು ಒಣಗಿ ಬಿಳಿ ಪುಡಿಯಾಗಿ ಸ್ಲಾಟ್‌ಗಳಲ್ಲಿ ಕೂರುತ್ತವೆ.

1.45 ವೋಲ್ಟ್‌ಗೆ ಸುಡುತ್ತದೆಯೇ? ಇಲ್ಲ. ಡಿಡಿಆರ್4ರ ನಿಯಮಬದ್ಧ ವೋಲ್ಟೇಜ್ 1.2, ಎಕ್ಸ್‌ಎಂಪಿ ಸ್ಟಿಕ್‌ಗಳದ್ದು ಸಾಮಾನ್ಯವಾಗಿ 1.35. 1.45, 1.5ಕ್ಕೆ ಗ್ಯಾರಂಟಿ ಕೊಟ್ಟು ಮಾರಿದ ಕಿಟ್‌ಗಳೂ ಇವೆ. ಬಿ-ಡೈಗೆ ಗಾಳಿ ಇದ್ದರೆ 1.45 ದಿನಬಳಕೆಗೆ ನಡೆಯುತ್ತದೆ. ಇ-ಡೈಗೆ 1.40-1.45, ಸಿಜೆಆರ್‌ಗೆ 1.40 ಸಾಕು. ಚಿಪ್ ಸಾಯುವ ಭಯಕ್ಕಿಂತ ಹೆಚ್ಚಿದ ವೋಲ್ಟೇಜಿನಿಂದ ಹೆಚ್ಚುವ ಬಿಸಿ ನಿಮಗೆ ದೊಡ್ಡ ತೊಂದರೆ. ಕಣ್ಣಿಡಬೇಕಾದದ್ದು ಎಸ್‌ಒಸಿ ವೋಲ್ಟೇಜ್ ಮೇಲೆ. ಅದು ಪ್ರೊಸೆಸರ್‌ಗೆ ಹೋಗುವಂಥದ್ದು. ಆಟೋ ಬಿಟ್ಟರೆ ಕೆಲವು ಬೋರ್ಡ್‌ಗಳು ಬೇಕಾದ್ದಕ್ಕಿಂತ ಹೆಚ್ಚು ಕೊಡುತ್ತವೆ. ಕೈಯಿಂದ 1.10-1.15ಕ್ಕೆ ನಿಲ್ಲಿಸಿ.

ಇಷ್ಟೆಲ್ಲ ಮಾಡಿ ರೆಂಡರ್ ಎಷ್ಟು ಬೇಗ ಮುಗಿಯುತ್ತದೆ ಎಂದರೆ, ನಿಮ್ಮ ಕೆಲಸದಲ್ಲಿ ಕೈಗೆ ಹತ್ತುವಷ್ಟಲ್ಲ. ಗ್ರಾಫಿಕ್ಸ್ ಕಾರ್ಡ್‌ನ ಎನ್‌ಕೋಡರ್‌ನಿಂದ ಎಕ್ಸ್‌ಪೋರ್ಟ್ ಮಾಡುವಾಗ ಮೆಮೊರಿ ಟೈಮಿಂಗ್‌ನ ಪಾತ್ರ ತೀರಾ ಕಡಿಮೆ. ಆಟ ಆಡುವವರಿಗೆ, ಅದೂ ಪ್ರೊಸೆಸರ್ ಮೇಲೆ ಭಾರ ಬೀಳುವ ಆಟಗಳಲ್ಲಿ, ವ್ಯತ್ಯಾಸ ಕಾಣುತ್ತದೆ. ನಿಮಗೆ ಕೊರತೆಯಾಗಿರುವುದು ಬೇರೆ ಕಡೆ ಎಂದು ನನ್ನ ಅನುಮಾನ. ಒಂದು ದೊಡ್ಡ ಮದುವೆ ಪ್ರಾಜೆಕ್ಟ್, ಫೋಟೋಶಾಪ್‌ನಲ್ಲಿ ಆಲ್ಬಮ್, ಬ್ರೌಸರ್ ಮೂರನ್ನೂ ತೆರೆದು ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟ ನೋಡಿ. ಬಳಕೆ 14 ಜಿಬಿ ದಾಟುತ್ತಿದ್ದರೆ, "ಕಮಿಟೆಡ್" ಎಂಬ ಸಂಖ್ಯೆ 16ರ ಮೇಲೆ ಇದ್ದರೆ ವಿಂಡೋಸ್ ಉಳಿದದ್ದನ್ನು ಎಸ್‌ಎಸ್‌ಡಿಗೆ ತಳ್ಳುತ್ತಿರುತ್ತದೆ. ಎಂಥ ಬಿ-ಡೈ ಇದ್ದರೂ ಆ ನಷ್ಟ ತುಂಬದು. ಆ ದುಡ್ಡಿಗೆ ಇನ್ನಷ್ಟು ಸೇರಿಸಿ 16 ಜಿಬಿದ್ದು ಎರಡು ಸ್ಟಿಕ್, 3200 ಸಿಎಲ್ 16 ಅಥವಾ 3600 ಸಿಎಲ್ 18, ತೆಗೆದುಕೊಳ್ಳಿ. 8 ಗಿಗಾಬಿಟ್ ಚಿಪ್‌ನ 16 ಜಿಬಿ ಸ್ಟಿಕ್ ಆದರೆ ಡ್ಯುಯಲ್ ರ‍್ಯಾಂಕ್ (ಒಂದೇ ಸ್ಟಿಕ್‌ನಲ್ಲಿ ಚಿಪ್‌ಗಳ ಎರಡು ಗುಂಪು) ಇರುತ್ತದೆ: ಏರುವ ವೇಗ ಸ್ವಲ್ಪ ಕಡಿಮೆ, ಒಂದೇ ವೇಗದಲ್ಲಿ ಕೆಲಸ ಸ್ವಲ್ಪ ಹೆಚ್ಚು.

ಈಗಿರುವ ಎರಡರ ಜೊತೆ ಇನ್ನೆರಡು 8 ಜಿಬಿ ಸೇರಿಸುವುದು ಅಗ್ಗದ ದಾರಿ. ನಾಲ್ಕು ಸ್ಟಿಕ್ ಹಾಕಿದರೆ ಬಿ450ಯಲ್ಲಿ 3600ರ ಆಸೆ ಬಿಟ್ಟು 3200ರಲ್ಲಿ ನಿಲ್ಲಬೇಕಾಗಬಹುದು, ಬೇರೆ ಬೇರೆ ಚಿಪ್ ಬೆರೆತರೆ ಅದೂ ಕೆಲವೊಮ್ಮೆ ಇಲ್ಲ. 2025ರ ಕೊನೆಯಿಂದ ಮೆಮೊರಿ ಬೆಲೆ ಏರಿದ್ದನ್ನು ನೋಡಿದರೆ ಈ ದಾರಿ ಹಿಡಿದರೂ ನಾನು ತಪ್ಪೆನ್ನುವುದಿಲ್ಲ. ಎಡಿಟಿಂಗ್‌ಗೆ 3200ರ 32 ಜಿಬಿ, 3800ರ 16 ಜಿಬಿಗಿಂತ ಮೇಲು.

ಡಿಡಿಆರ್5 ಈಗಲೇ ಬೇಡ. ನಿಮ್ಮ ಬೋರ್ಡ್‌ಗೆ ಅದು ಕೂರುವುದಿಲ್ಲ. ಪ್ರೊಸೆಸರ್, ಬೋರ್ಡ್, ರ‍್ಯಾಮ್ ಮೂರೂ ಬದಲಾಗಬೇಕು. ಮುಂದೆ ಎಂದಾದರೂ ಹೋದರೆ ಅಲ್ಲಿ ಹುಡುಕಬೇಕಾದದ್ದು ಹೈನಿಕ್ಸ್‌ನ 16 ಗಿಗಾಬಿಟ್ ಎ-ಡೈ ಅಥವಾ ಎಂ-ಡೈ. ಸ್ಯಾಮ್‌ಸಂಗ್ ಬಿ-ಡೈ ಆ ಪೀಳಿಗೆಯಲ್ಲಿ ಹಿಂದೆ ಬಿದ್ದ ಚಿಪ್. ರೈಝನ್ 7000ಕ್ಕೆ 6000 ಸಿಎಲ್ 30 ಸಾಕು. 16 ಜಿಬಿಯ ಎರಡೇ ಸ್ಟಿಕ್ ಕೊಳ್ಳಿ. ನಾಲ್ಕು ಹಾಕಿದರೆ ಎಎಂಡಿ ಅಧಿಕೃತವಾಗಿ ಒಪ್ಪುವ ವೇಗ ಬರೇ 3600. ಡಿಡಿಆರ್5 ಚಿಪ್‌ಗಳ ಒಳಗೇ ಒಂದು ಬಿಟ್‌ನ ತಪ್ಪನ್ನು ತಿದ್ದಿಕೊಳ್ಳುವ ವ್ಯವಸ್ಥೆ ಇದೆ. ಅದರಿಂದ ಅಂಚಿನಲ್ಲಿರುವ ಓವರ್‌ಕ್ಲಾಕ್ ಗಟ್ಟಿ ಇದ್ದಂತೆ ತೋರುವುದರಿಂದ ಪರೀಕ್ಷೆ ಇನ್ನೂ ಉದ್ದ ಮಾಡಬೇಕು.

ಇಷ್ಟರ ಮೇಲೂ ಬೆಳಗಾವಿಯವರು ಬೆಲೆ ಇಳಿಸಿದರೆ, ಅಂದರೆ ಸಾಧಾರಣ ಹಳೇ 16 ಜಿಬಿ ಕಿಟ್‌ನ ದರಕ್ಕೆ ಬಂದರೆ, ಮತ್ತು ನಿಮಗೆ ಟೈಮಿಂಗ್ ಆಟದಲ್ಲೇ ಆಸಕ್ತಿ ಇದ್ದರೆ ತೆಗೆದುಕೊಳ್ಳಿ. ಆದರೆ ಹೋಗುವ ಮೊದಲು ಎರಡೂ ಸ್ಟಿಕ್‌ನ ಲೇಬಲ್ ಫೋಟೋ ತರಿಸಿಕೊಳ್ಳಿ. ಸೀರಿಯಲ್ ನಂಬರ್ ಹತ್ತಿರ ಹತ್ತಿರ ಇರಬೇಕು, ದೂರ ದೂರ ಇದ್ದರೆ ಎರಡು ಕಿಟ್‌ನಿಂದ ಜೋಡಿಸಿದ್ದು. ಅವರ ಯಂತ್ರದಲ್ಲೇ 3200 14-14-14, 1.35 ವೋಲ್ಟ್ ಇಟ್ಟು ಟೈಮಿಂಗ್ ತೋರಿಸುವ ಝೆನ್‌ಟೈಮಿಂಗ್ಸ್ ತಂತ್ರಾಂಶ ತೆರೆದು ತೋರಿಸಲು ಹೇಳಿ, ಟೆಸ್ಟ್‌ಮೆಮ್5 ಒಂದು ಸುತ್ತು ನಿಮ್ಮ ಕಣ್ಣೆದುರು ಓಡಲಿ. ಬೆಳಗಾವಿಯ ಹವೆ ನಿಮ್ಮ ಊರಿಗಿಂತ ತಂಪು, ಆದ್ದರಿಂದ ಅಲ್ಲಿ ಪಾಸಾದದ್ದನ್ನು ಮನೆಗೆ ಬಂದು ಮಧ್ಯಾಹ್ನ ಮತ್ತೆ ಓಡಿಸಿ ನೋಡುವವರೆಗೆ ವಾಪಸ್ ಕೊಡುವ ಮಾತು ಇಟ್ಟುಕೊಳ್ಳಿ. ಅದಕ್ಕೆ ಒಪ್ಪದಿದ್ದರೆ ಬಿಟ್ಟುಬಿಡಿ.